ಬೇರೆ ಗ್ರಹದ ಯೋಧರಿಗೆ ಸಂಪ್ರದಾಯ ಕಟ್ಟುವುದು ಹೇಗೆ? ನನ್ನವರ ಹತ್ತಿರ ‘ಮಾನ’ ಬಿಟ್ಟು ಬೇರೇನೂ ಇಲ್ಲ

ಧೂಮಕೇತು
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಾ ಇದ್ದೇನೆ. ಅದರಲ್ಲಿ ಬೇರೆ ಗ್ರಹದ ಯೋಧ ಜನಾಂಗವೊಂದು ಬರುತ್ತದೆ. ಹೆಸರು ಝೋರಾಕ್. ಏಳಡಿ ಎತ್ತರ, ನಾಲ್ಕು ಕೈ, ಮೈತುಂಬ ಏಡಿಯ ಹಾಗೆ ಗಟ್ಟಿ ಚಿಪ್ಪು.

ಸಂಪ್ರದಾಯ ಅಂತ ಈವರೆಗೆ ಬರೆದುಕೊಂಡಿರುವುದು ಇಷ್ಟು. ಸೋತವನು ಬದುಕಿ ಬರಬಾರದು. ಹುಡುಗರು ವಯಸ್ಸಿಗೆ ಬಂದಾಗ ಒಬ್ಬರೇ ಕಾಡಿಗೆ ಹೋಗಿ ಮೃಗ ಕೊಂದು ತರಬೇಕು. ಮೈಮೇಲೆ ಗಾಯದ ಗುರುತು ಜಾಸ್ತಿ ಇದ್ದಷ್ಟೂ ಮರ್ಯಾದೆ ಜಾಸ್ತಿ. ನಾಯಕನನ್ನು ಕೊಂದವನೇ ಮುಂದಿನ ನಾಯಕ. ಮಾತು ಮಾತಿಗೆ ‘ಮಾನ, ಮಾನ’ ಅನ್ನುತ್ತಾರೆ.

ಮೊನ್ನೆ ನಮ್ಮಕ್ಕನಿಗೆ ಮೊದಲ ಹತ್ತು ಅಧ್ಯಾಯ ಓದಲು ಕೊಟ್ಟೆ. ವಾಪಸ್ ಕೊಡುವಾಗ ಅವಳು ಹೇಳಿದ್ದು ಒಂದೇ ಮಾತು: ‘ಇವರು ಯಾಕೋ ಎಲ್ಲ ಪುಟದಲ್ಲೂ ಕಿರುಚುತ್ತಾರೆ. ಒಬ್ಬರಾದರೂ ಕೂತು ಮಾತಾಡಲ್ವಾ?’ ಅವತ್ತಿನಿಂದ ಬರೆಯಲು ಕೈ ಓಡುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು ಹೇಳಿ. ಬೈದರೂ ಪರವಾಗಿಲ್ಲ.

ಬಿಸಿಬೇಳೆ
ಊಟಕ್ಕೆ ಏನು ಮಾಡುತ್ತಾರೆ?

ಧೂಮಕೇತು
ಬೇಟೆ ಆಡುತ್ತಾರೆ.

ಬಿಸಿಬೇಳೆ
ಗ್ರಹದ ತುಂಬ ಏಳಡಿ ಆಳುಗಳು, ಎಲ್ಲರೂ ಬೇಟೆಗಾರರು. ಒಂದು ವರ್ಷಕ್ಕೆ ಮೃಗ ಖಾಲಿ. ಎರಡನೇ ವರ್ಷ?

ತಮಾಷೆಗೆ ಕೇಳುತ್ತಿಲ್ಲ. ಹಳೆಯ ಗ್ರೀಸಿನ ಸ್ಪಾರ್ಟಾ ಅಂದ ತಕ್ಷಣ ನಮಗೆ ಗುರಾಣಿ, ಈಟಿ ನೆನಪಾಗುತ್ತದೆ. ಆದರೆ ಅವರ ಹೊಲ ಉಳುತ್ತಿದ್ದವರು ಹೆಲಟರು, ಅಂದರೆ ಗೆದ್ದ ನೆಲದ ಜೀತದಾಳುಗಳು. ಕ್ರಿ.ಪೂ. 479ರಲ್ಲಿ ಪ್ಲಾಟಿಯಾ ಯುದ್ಧಕ್ಕೆ 5,000 ಸ್ಪಾರ್ಟನ್ನರು ಹೊರಟಾಗ ಒಬ್ಬೊಬ್ಬನ ಜೊತೆ ಏಳೇಳು ಹೆಲಟರಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಲೆಕ್ಕ ಹಾಕಿ, 35,000. ಇಷ್ಟು ಜನ ಒಂದು ದಿನ ತಿರುಗಿ ಬಿದ್ದರೆ? ಏಳು ವರ್ಷದ ಮಕ್ಕಳನ್ನು ಮನೆಯಿಂದ ಕರೆದುಕೊಂಡು ಹೋಗಿ ತಾಲೀಮು ಕೊಡುತ್ತಿದ್ದರಲ್ಲ, ಅದರ ಹಿಂದೆ ಹೊರಗಿನ ಶತ್ರುವಿಗಿಂತ ಮನೆಯ ಆಳಿನ ಹೆದರಿಕೆಯೇ ಜಾಸ್ತಿ ಇತ್ತು ಅಂತ ನನ್ನ ಅನಿಸಿಕೆ. ನಿಮ್ಮವರಿಗೆ ಯಾರ ಹೆದರಿಕೆ? ಅದು ಗೊತ್ತಾದರೆ ಅರ್ಧ ಸಂಪ್ರದಾಯ ತಾನಾಗಿ ಬರುತ್ತದೆ.

ಏಡಿಸಾರು
ಮಾರಾಯ್ರೆ, ಒಂದು ನಿಮಿಷ. ‘ಏಡಿಯ ಹಾಗೆ ಗಟ್ಟಿ ಚಿಪ್ಪು’ ಅಂದಿರಿ, ಮತ್ತೆ ‘ಮೈಮೇಲೆ ಗಾಯದ ಗುರುತು’ ಅಂದಿರಿ. ಎರಡೂ ಒಟ್ಟಿಗೆ ನಡೆಯುವುದಿಲ್ಲ.

ನಾನು ಕುಂದಾಪುರದ ಕಡೆಯವನು, ಓದಿದ್ದು ಕಡಲಜೀವಿಗಳ ಬಗ್ಗೆ. ಏಡಿಯ ಚಿಪ್ಪು ನಮ್ಮ ಚರ್ಮದ ಹಾಗೆ ಬೆಳೆಯುವುದಿಲ್ಲ. ಒಳಗಿನ ಮೈ ದೊಡ್ಡದಾದ ಹಾಗೆ ಹಳೆ ಚಿಪ್ಪು ಬಿಗಿಯಾಗುತ್ತದೆ. ಆಗ ಹಿಂಬದಿ ಸೀಳುತ್ತದೆ, ಏಡಿ ಹಿಂದಕ್ಕೆ ಸರಿದು ಸರಿದು ಪೂರ್ತಿ ಹೊರಗೆ ಬರುತ್ತದೆ. ಕಾಲು, ಕೊಂಬು, ಕಣ್ಣಿನ ಮೇಲಿನ ಪದರ ಎಲ್ಲ ಹಳೆಯ ಚಿಪ್ಪಿನಲ್ಲೇ ಉಳಿಯುತ್ತದೆ. ನೋಡಿದವರಿಗೆ ಎರಡು ಏಡಿ ಕೂತ ಹಾಗೆ ಕಾಣುತ್ತದೆ. ಹೊರಗೆ ಬಂದದ್ದು ನೀರು ಹೀರಿಕೊಂಡು ಉಬ್ಬುತ್ತದೆ, ಆಮೇಲೆ ಹೊಸ ಚಿಪ್ಪು ಗಟ್ಟಿಯಾಗಬೇಕು. ಅಲ್ಲಿಯವರೆಗೆ ಅದು ಬೆಣ್ಣೆಯ ಹಾಗೆ ಮೆತ್ತಗೆ. ಒಂದು ಸಣ್ಣ ಮೀನು ಬಂದರೂ ಕಥೆ ಮುಗಿಯಿತು. ಅದಕ್ಕೇ ಕಲ್ಲಿನ ಸಂದಿಯಲ್ಲಿ ಅಡಗಿ ಕೂರುತ್ತದೆ.

ಅಂದರೆ ನಿಮ್ಮ ಮಹಾಯೋಧನ ಗಾಯದ ಗುರುತು ಚಿಪ್ಪಿನ ಜೊತೆ ಬಿದ್ದು ಹೋಗುತ್ತದೆ. ತುಂಡಾದ ಕಾಲು ಕೂಡ ಒಂದೆರಡು ಸಲ ಚಿಪ್ಪು ಕಳಚುವುದರೊಳಗೆ ಮತ್ತೆ ಬೆಳೆಯುತ್ತದೆ. ಅವನ ಹೊಸ ಮೈಯಲ್ಲಿ ಯುದ್ಧದ ಒಂದು ಗೀರೂ ಇಲ್ಲ!

ಇನ್ನೊಂದು ವಿಷಯ. ಕಳಚಿದ ಚಿಪ್ಪನ್ನು ಎಷ್ಟೋ ಜಾತಿಗಳು ತಿಂದುಬಿಡುತ್ತವೆ. ಹೊಸ ಚಿಪ್ಪಿಗೆ ಸುಣ್ಣದ ಅಂಶ ಬೇಕಲ್ಲ, ಹಳೆಯದರಲ್ಲೇ ಸಿಗುತ್ತದೆ.

ಧೂಮಕೇತು
ಎರಡು ವರ್ಷ ಚಿಪ್ಪು ಚಿಪ್ಪು ಅಂತ ಬರೆದೆ. ಇದು ಹೊಳೆಯಲೇ ಇಲ್ಲ. ಏಡಿಸಾರು ಅಣ್ಣ, ಆ ಮೆತ್ತಗಿನ ದಿನಗಳಲ್ಲಿ ಏಡಿಯನ್ನು ಯಾರಾದರೂ ಕಾಯುತ್ತಾರಾ?

ಏಡಿಸಾರು
ಕೆಲವರಲ್ಲಿ ಉಂಟು. ಅಮೆರಿಕದ ಪೂರ್ವ ಕರಾವಳಿಯಲ್ಲಿ ನೀಲಿ ಏಡಿ ಅಂತ ಒಂದಿದೆ. ಹೆಣ್ಣು ಚಿಪ್ಪು ಬಿಡುವ ಮೊದಲು ಗಂಡು ಅದನ್ನು ತನ್ನ ಹೊಟ್ಟೆಯ ಕೆಳಗೆ ಹಿಡಿದುಕೊಂಡು ದಿನಗಟ್ಟಲೆ ತಿರುಗುತ್ತದೆ. ಚಿಪ್ಪು ಬಿಟ್ಟು ಕೂಡಿದ ಮೇಲೂ, ಹೆಣ್ಣಿನ ಮೈ ಗಟ್ಟಿಯಾಗುವವರೆಗೆ ಹೊತ್ತುಕೊಂಡೇ ಇರುತ್ತದೆ. ಪ್ರೀತಿ ಅಂತೆಲ್ಲ ತಿಳಿಯಬೇಡಿ, ತನ್ನ ಮರಿಗಳ ಲೆಕ್ಕಾಚಾರ. ಆದರೆ ಕಥೆ ಬರೆಯುವವರಿಗೆ ಇಷ್ಟು ಸಾಕಲ್ವಾ?

ನಿವೃತ್ತ_ಫೌಜಿ
ನಾನು ಕಥೆಗಾರನಲ್ಲ. ಮಗಳು ಈ ಚರ್ಚೆ ತೋರಿಸಿದಳು. ಹದಿನೇಳು ವರ್ಷ ಸೈನ್ಯದಲ್ಲಿದ್ದವನಾಗಿ ಎರಡು ಮಾತು.

ಸಿಪಾಯಿಯ ಬದುಕಿನಲ್ಲಿ ಹೊಡೆದಾಟ ಬಹಳ ಕಡಿಮೆ. ಕಾಯುವುದು ಜಾಸ್ತಿ. ಬೂಟು ಉಜ್ಜುವುದು, ಕಂದಕ ತೋಡುವುದು, ಮತ್ತೆ ಅದನ್ನೇ ಮುಚ್ಚುವುದು, ಪತ್ರಕ್ಕೆ ಕಾಯುವುದು, ಚಹಾಕ್ಕೆ ಕಾಯುವುದು. ಕಿರುಚುವುದು ದಾಳಿಯ ಆ ಕೆಲವು ನಿಮಿಷ ಮಾತ್ರ. ಮದ್ರಾಸ್ ರೆಜಿಮೆಂಟಿನ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ ಅನ್ನುವ ಕೂಗು ಕೇಳಿದರೆ ಈಗಲೂ ನನಗೆ ಮೈ ಜುಮ್ ಅನ್ನುತ್ತದೆ. ಅದನ್ನು ಯಾರೂ ಅಡುಗೆಮನೆಯಲ್ಲಿ ಕೂಗುವುದಿಲ್ಲ.

ಸೈನ್ಯದಲ್ಲಿ ‘ನಾಮ್, ನಮಕ್, ನಿಶಾನ್’ ಅಂತಾರೆ. ಹೆಸರು, ಉಪ್ಪು, ಬಾವುಟ. ನಡುವೆ ಉಪ್ಪು ಯಾಕೆ ಬಂತು ಯೋಚನೆ ಮಾಡಿ. ಬಡಾಖಾನಾ ಅಂತ ಮಾಡುತ್ತೇವೆ. ಅಧಿಕಾರಿಗಳು, ಜವಾನರು ಎಲ್ಲ ಒಂದೇ ಕಡೆ ಕೂತು ಊಟ. ನನಗೆ ನೆನಪಿರುವುದು ಪರೇಡಿಗಿಂತ ಅದೇ. ನಿಮ್ಮ ಏಡಿ ಯೋಧರು ಯಾರ ಉಪ್ಪು ತಿಂದಿದ್ದಾರೆ?

ಶಾಸನದ_ಹುಚ್ಚಿ
ಫೌಜಿ ಸರ್, ನೀವು ಹೇಳಿದ ಉಪ್ಪಿಗೆ ನಮ್ಮ ಶಾಸನಗಳಲ್ಲಿ ಜೋಳ ಅಂತಾರೆ! ಜೋಳವಾಳಿ, ಜೋಳದ ಪಾಳಿ. ಒಡೆಯ ಹಾಕಿದ ಅನ್ನಕ್ಕೆ ಪ್ರಾಣ ಕೊಟ್ಟಾದರೂ ಋಣ ತೀರಿಸುವುದು. ಇನ್ನೊಂದು ವೇಳೆವಾಳಿ, ಅಂದರೆ ಒಡೆಯನಿಗೆ ಆಪತ್ತು ಬಂದ ಹೊತ್ತಿನಲ್ಲಿ ಜೀವ ಕೊಡುತ್ತೇನೆ ಅಂತ ಮೊದಲೇ ಮಾಡಿಕೊಂಡ ಪ್ರತಿಜ್ಞೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋದವರು ಗರುಡಗಂಬವನ್ನು ನೋಡಿರುತ್ತೀರಿ. ಎರಡನೇ ವೀರಬಲ್ಲಾಳನ ಜೊತೆಗೇ ಸಾಯುತ್ತೇನೆ ಅಂತ ಮಾತು ಕೊಟ್ಟ ಕುವರ ಲಕ್ಷ್ಮನದು ಅದು. ಎಲ್ಲರೂ ಹೊರಗೋಡೆಯ ಶಿಲ್ಪದ ಫೋಟೋ ತೆಗೆದು ಬಂದುಬಿಡುತ್ತಾರೆ, ಅದನ್ನು ನೋಡುವುದಿಲ್ಲ. ಇರಲಿ.

ಧೂಮಕೇತು ಅವರೇ, ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಸತ್ತ ಮೇಲಿನ ವ್ಯವಹಾರ. ನಮ್ಮ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುವುದು. ಕಾಳಗ ಅಂದರೆ ದೊಡ್ಡ ದೊಡ್ಡ ರಾಜರ ಯುದ್ಧ ಅಂದುಕೊಳ್ಳಬೇಡಿ. ಎಷ್ಟೋ ಕಲ್ಲು ಇರುವುದು ತುರುಗೋಳಿಗೆ, ಅಂದರೆ ದನ ಹೊಡೆದುಕೊಂಡು ಹೋದವರನ್ನು ಅಟ್ಟಿ ಸತ್ತವರಿಗೆ. ಹೆಣ್ಣಿನ ಮೊರೆ ಕೇಳಿ ಓಡಿ ಹೋಗಿ ಸತ್ತರೆ ಪೆಣ್ಬುಯ್ಯಲ್. ಸಾವಿಗೆ ಕಾರಣ ಬೇರೆ ಬೇರೆ, ಅದಕ್ಕೆ ಹೆಸರೂ ಬೇರೆ ಬೇರೆ. ನಿಮ್ಮವರು ಎಲ್ಲದಕ್ಕೂ ‘ಮಾನ’ ಅನ್ನುತ್ತಾರೆ.

ಆಮೇಲೆ ಸತ್ತವನ ಮನೆಯವರ ಗತಿ? ಅದಕ್ಕೆ ನೆತ್ತರುಗೊಡಗೆ. ರಕ್ತದ ಲೆಕ್ಕದಲ್ಲಿ ಕೊಟ್ಟ ಭೂಮಿ. ಗೆದ್ದು ಬಂದವನಿಗೆ ಬಾಳ್ಗಚ್ಚು, ಅಂದರೆ ಕತ್ತಿ ತೊಳೆದು ಕೊಡುವ ದತ್ತಿ. ಮದ್ದೂರು ಕಡೆಯ ಆತಕೂರಿನ ಶಾಸನದಲ್ಲಿ ಇದು ಬರುತ್ತದೆ. 949ರ ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಿದ ಮಣಲೆರ ಅನ್ನುವವನಿಗೆ ರಾಷ್ಟ್ರಕೂಟರ ಮೂರನೇ ಕೃಷ್ಣ ‘ಏನು ಬೇಕು ಕೇಳು’ ಅಂದ. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿ! ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿ ಉಣ್ಣುವ ಗೊರವ, ಅಂದರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಅಂತಲೂ ಬರೆದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಏನು ಬೇಕಾದರೂ ಕೇಳಬಹುದಾಗಿದ್ದ ಯೋಧ ನಾಯಿ ಕೇಳಿದ. ನನಗೆ ಅವನ ಬಗ್ಗೆ ಇಷ್ಟು ಗೊತ್ತಾದರೆ ಸಾಕು, ಅವನ ಕತ್ತಿ ಎಷ್ಟು ಉದ್ದ ಅಂತ ಬೇಕಾಗಿಲ್ಲ.

ಪುಟ_ತಿರುಗಿಸಿ
ಎಲ್ಲ ಸರಿ. ಆದರೆ ಕಾದಂಬರಿ ಓದುವವನಿಗೆ ಇಷ್ಟೆಲ್ಲ ಬೇಕಾ? ನಾನು ಬಾಡಿಗೆ ಗ್ರಂಥಾಲಯದ ಕಾಲದಿಂದ ಸಾಹಸ ಕಥೆ ಓದಿಕೊಂಡು ಬಂದವನು. ಮೊದಲ ಐವತ್ತು ಪುಟ ಹಬ್ಬ, ಮದುವೆ, ತಿಥಿ ಅಂತ ವಿವರಿಸಿದರೆ ಪುಸ್ತಕ ಮುಚ್ಚಿಡುತ್ತೇನೆ. ‘ಸ್ಟಾರ್ ಟ್ರೆಕ್’ನ ಯೋಧ ಜನಾಂಗ ಕ್ಲಿಂಗನ್ನರು ಮೊದಲು ಟೀವಿಯಲ್ಲಿ ಬಂದಿದ್ದು 1967ರಲ್ಲಿ. ಆಗ ಅವರಿಗೆ ಯಾವ ಸಂಪ್ರದಾಯ ಇತ್ತು? ಬರೀ ಖಳನಾಯಕರು. ಜನ ನೋಡಲಿಲ್ವಾ?

ಶಾಸನದ_ಹುಚ್ಚಿ
ನೋಡಿದರು. ಆದರೆ ಜನ ಅವರನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಆಮೇಲೆ ಬಂದ ವಿವರಗಳಿಂದ. ಭಾಷೆಯನ್ನೇ ತಗೊಳ್ಳಿ. 1984ರ ಸಿನಿಮಾಕ್ಕೆ ಮಾರ್ಕ್ ಓಕ್ರಾಂಡ್ ಅನ್ನುವ ಭಾಷಾವಿಜ್ಞಾನಿ ಕ್ಲಿಂಗನ್ ಭಾಷೆಗೆ ವ್ಯಾಕರಣ ಕಟ್ಟಿದರು. ಬೇಕೆಂದೇ ಕರ್ಮ ಮೊದಲು, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ಮನುಷ್ಯರ ಭಾಷೆಗಳಲ್ಲಿ ಇದು ಬಲು ಅಪರೂಪ. ನಾವು ‘ರಾಮ ಹಣ್ಣನ್ನು ತಿಂದ’ ಅಂದರೆ ಅವರು ‘ಹಣ್ಣನ್ನು ತಿಂದ ರಾಮ’ ಅನ್ನಬೇಕು. ಕನ್ನಡದಲ್ಲಿ ಅದು ಹಾಡಿನ ಸಾಲಿನ ಹಾಗೆ ಕೇಳುತ್ತದೆ, ಪಾಪ.

ಅವರಲ್ಲಿ ‘ನಮಸ್ಕಾರ’ಕ್ಕೆ ಪದವೇ ಇಲ್ಲ. ಹತ್ತಿರದ್ದು ‘ನುಕ್‌ನೆಖ್’, ಅಂದರೆ ‘ಏನು ಬೇಕು?’ ಒಂದು ಮಾತಿನಲ್ಲಿ ಇಡೀ ಜನಾಂಗದ ಸ್ವಭಾವ ಬಂತಲ್ಲ. ಇದಕ್ಕೆ ಐವತ್ತು ಪುಟ ಬೇಕಾಗಿಲ್ಲ ಸರ್.

ಬಿಸಿಬೇಳೆ
ನಮ್ಮದು ‘ಊಟ ಆಯ್ತಾ?’ ಬರ ನೋಡಿದ ಜನ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಧೂಮಕೇತು
ಹಾಗಾದರೆ ನನ್ನವರದು ‘ಗಟ್ಟಿಯಾಯ್ತಾ?’

ಏಡಿಸಾರು
ಅಯ್ಯೋ ಇದು ಲಾಯ್ಕ ಉಂಟು!

ನೀಲಿಬಸ್ಸು
ಅದೇ ಮಾತನ್ನು ವೈರಿಗೆ ಕೇಳಿದರೆ ಬೈಗುಳ. ‘ಏನೋ, ಇನ್ನೂ ಗಟ್ಟಿಯಾಗಿಲ್ವಾ?’ ಧಾಟಿ ಬದಲಾದರೆ ಸಾಕು.

ಅಂದ ಹಾಗೆ, ಈವರೆಗೆ ಯಾರೂ ಕೇಳದ ಪ್ರಶ್ನೆ. ಹೆಂಗಸರು ಎಲ್ಲಿ? ‘ಹುಡುಗರು ಕಾಡಿಗೆ ಹೋಗಬೇಕು’, ‘ನಾಯಕನನ್ನು ಕೊಂದವನು’. ಹೆಣ್ಣುಗಳು ಹತ್ತು ಅಧ್ಯಾಯ ಎಲ್ಲಿ ಕೂತಿದ್ದರು? ಮೆಕ್ಸಿಕೋದ ಅಜ್ಟೆಕರನ್ನು ನೋಡಿ. ರಕ್ತಬಲಿ ಕೊಡುತ್ತಿದ್ದವರು ಅಂತಲೇ ಎಲ್ಲರಿಗೂ ಗೊತ್ತು. ಹೆರಿಗೆಯನ್ನು ಅವರು ಯುದ್ಧ ಅಂತ ನೋಡುತ್ತಿದ್ದರು. ಹೆರುವಾಗ ಸತ್ತ ಹೆಂಗಸಿಗೆ ರಣದಲ್ಲಿ ಸತ್ತ ವೀರನಷ್ಟೇ ಗೌರವ. ಸತ್ತ ವೀರರು ಬೆಳಿಗ್ಗೆ ಸೂರ್ಯನ ಜೊತೆ ಮೇಲಕ್ಕೆ ಹೋದರೆ, ನಡುಮಧ್ಯಾಹ್ನದಿಂದ ಮುಳುಗುವವರೆಗೆ ಸೂರ್ಯನನ್ನು ಕರೆದುಕೊಂಡು ಹೋಗುವುದು ಈ ಹೆಂಗಸರು. ರಣದಲ್ಲೂ ಅವರಿಗೆ ಕೊಲ್ಲುವುದಕ್ಕಿಂತ ಶತ್ರುವನ್ನು ಜೀವಂತ ಹಿಡಿದು ತರುವುದು ದೊಡ್ಡ ಕೆಲಸ. ಎಷ್ಟು ಜನರನ್ನು ಹಿಡಿದ ಅನ್ನುವುದರ ಮೇಲೆ ಉಡುಪು, ಪದವಿ.

ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳಲ್ಲಿ ಇನ್ನೂ ಚೆನ್ನಾಗಿದೆ. ಬದುಕಿರುವ ಶತ್ರುವನ್ನು ಬರೀ ಕೋಲಿನಿಂದ ಮುಟ್ಟಿ ವಾಪಸ್ ಬಂದರೆ ಅದೇ ಮಹಾ ಪರಾಕ್ರಮ. ಕೊಲ್ಲುವುದರಲ್ಲಿ ಏನಿದೆ, ದೂರದಿಂದ ಬಾಣ ಬಿಟ್ಟೂ ಕೊಲ್ಲಬಹುದು.

ಮಂಜಿನೂರು
ನಾನು ಕೊಡಗಿನವಳು. ಈ ಚರ್ಚೆಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಯಾರಾದರೂ ‘ಕೊಡವರ ಹಾಗೆ ಮಾಡಿ’ ಅನ್ನುತ್ತಾರೆ ಅಂತ ಗೊತ್ತು. ಅದಕ್ಕೇ ನಾನೇ ಬಂದೆ.

ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬ ಸೆಪ್ಟೆಂಬರಿನಲ್ಲಿ ಬರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಇಟ್ಟು, ತೋಕ್ ಪೂ ಅನ್ನುವ ಹೂವು ಮುಡಿಸಿ ಪೂಜೆ. ಹೊರಗಿನವರಿಗೆ ಅಷ್ಟೇ ಕಾಣುತ್ತದೆ. ಆದರೆ ಅದು ಬರುವುದು ಗದ್ದೆಯಲ್ಲಿ ನಾಟಿ ಮುಗಿದ ಮೇಲೆ. ಹಿಂದೆ ನಾಟಿ ಕೆಲಸದ ತಿಂಗಳುಗಳಲ್ಲಿ ಆಯುಧವನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ಹಬ್ಬದ ದಿನ ಹೊರಗೆ ತೆಗೆಯುವುದು. ಆಮೇಲೆ ಬೇಟೆ, ಆಟ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಮನೆಯಲ್ಲಿ ಕಡಂಬಿಟ್ಟು, ಹಂದಿ ಸಾರು. ಅಂದರೆ ಆಯುಧಕ್ಕೂ ರಜೆ ಇದೆ. ಅದನ್ನು ನಿರ್ಧರಿಸುವುದು ಭತ್ತ.

ಒಂದು ಕೋರಿಕೆ. ಇದನ್ನು ಹಾಗೇ ಎತ್ತಿ ನಾಲ್ಕು ಕೈಯವರ ಕೈಗೆ ಕೊಡಬೇಡಿ. ನಾವು ಇನ್ನೂ ಆ ಹಬ್ಬ ಮಾಡುತ್ತಾ ಇದ್ದೇವೆ. ‘ಆಯುಧ ಯಾವಾಗ ಕೆಳಗಿಡುತ್ತಾರೆ, ಯಾಕೆ’ ಅನ್ನುವ ಪ್ರಶ್ನೆ ತಗೊಳ್ಳಿ, ನಮ್ಮ ಹೂವು ತಗೊಳ್ಳಬೇಡಿ.

ಧೂಮಕೇತು
ಅಕ್ಕ, ನಿಜ ಹೇಳಬೇಕೆಂದರೆ ಮೂರನೇ ಅಧ್ಯಾಯದಲ್ಲಿ ಅದೇ ತಪ್ಪು ಮಾಡಿದ್ದೆ, ಹೂವಿನ ಬಣ್ಣ ಸಮೇತ. ಈಗ ತೆಗೆಯುತ್ತೇನೆ.

ಬೈಲಸೀಮೆ
ನಮ್ಮ ಕಡೆ ದಸರಾದಾಗ ಬನ್ನಿ ಕೊಟ್ಟು ‘ಬಂಗಾರದ್ಹಂಗ ಇರೋಣ’ ಅಂತೀವಿ. ವರ್ಷವೆಲ್ಲ ಮಾತು ಬಿಟ್ಟ ಅಣ್ಣ ತಮ್ಮಂದಿರು ಅವತ್ತು ಒಂದು ಎಲೆ ಹಿಡಿದು ಎದುರು ನಿಂತರೆ, ತಗೊಳ್ಳಲ್ಲ ಅನ್ನುವ ಹಾಗಿಲ್ಲ. ಪಾಂಡವರು ಆಯುಧ ಬಚ್ಚಿಟ್ಟ ಗಿಡ ಅಂತ ಅದರ ಕಥೆ. ಆದರೆ ಇವತ್ತು ಅದು ಮಾಡುವ ಕೆಲಸ ರಾಜಿ ಮಾಡಿಸುವುದು. ಸಂಪ್ರದಾಯ ಅಂದರೆ ಹೀಗೇ ನೋಡಿ, ಹೇಳುವ ಕಾರಣ ಒಂದು, ನಡೆಯುವ ಕೆಲಸ ಇನ್ನೊಂದು. ಕಾದಂಬರಿಯಲ್ಲಿ ಎರಡೂ ಒಂದೇ ಇದ್ದರೆ ನಂಬಿಕೆ ಬರುವುದಿಲ್ಲ.

ಮೈಸೂರಿನ ವಜ್ರಮುಷ್ಟಿ ಕಾಳಗವನ್ನೂ ನೋಡಬಹುದು. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ಹಾಕಿಕೊಂಡು ಇಳಿಯುತ್ತಾರೆ. ಒಬ್ಬರ ತಲೆಯಿಂದ ಒಂದು ಹನಿ ರಕ್ತ ಬಂತೋ, ಕಾಳಗ ಮುಗಿಯಿತು. ಇಷ್ಟು ತಯಾರಿ, ಅಷ್ಟು ಚಿಕ್ಕ ಕಾಳಗ.

ಏಡಿಸಾರು
ಇವರಿಗೆ ಅದು ಮೊದಲ ಬಿರುಕು. ಚಿಪ್ಪಿನಲ್ಲಿ ‘ಟಕ್’ ಅಂತ ಸದ್ದು ಬಂದರೆ ನಿಲ್ಲಿಸಬೇಕು.

ನಿವೃತ್ತ_ಫೌಜಿ
ಸದ್ದು ಕೇಳಿಸಲಿಲ್ಲ ಅಂತ ಒಬ್ಬ ವಾದ ಮಾಡುತ್ತಾನೆ. ಅಲ್ಲಿಂದ ನಿಮ್ಮ ಕಥೆ.

ಶಾಸನದ_ಹುಚ್ಚಿ
ರಾತ್ರಿಯೆಲ್ಲ ಆ ಚಿಪ್ಪೇ ತಲೆಯಲ್ಲಿ ಕೂತಿತ್ತು. ಬರೆದುಬಿಡುತ್ತೇನೆ.

ಇವರ ಮೈಯಲ್ಲಿ ನೆನಪು ನಿಲ್ಲುವುದಿಲ್ಲ. ಎಷ್ಟು ದೊಡ್ಡ ಯುದ್ಧ ಮಾಡಿದರೂ ಚಿಪ್ಪು ಬಿಟ್ಟ ಮೇಲೆ ಮೈ ಹೊಸದು. ಹಾಗಾದರೆ ಅವನು ಕಾದಿದ್ದಕ್ಕೆ ಸಾಕ್ಷಿ ಯಾವುದು? ಕಳಚಿಟ್ಟ ಚಿಪ್ಪು. ಅದರ ಮೇಲೆ ಪ್ರತಿ ಏಟೂ ಬರೆದಿದೆ. ಅದೇ ಅವರ ವೀರಗಲ್ಲು. ಆದರೆ ಏಡಿಸಾರು ಅವರು ಹೇಳಿದ ಹಾಗೆ ಆ ಚಿಪ್ಪನ್ನು ತಿಂದರೆ ಮಾತ್ರ ಹೊಸದು ಬೇಗ ಗಟ್ಟಿಯಾಗುತ್ತದೆ. ತಿನ್ನದೆ ಉಳಿಸಿಕೊಂಡರೆ ಮೆತ್ತಗಿನ ದಿನ ಜಾಸ್ತಿ, ಸಾಯುವ ಸಾಧ್ಯತೆಯೂ ಜಾಸ್ತಿ.

ಹಾಗಾಗಿ ಚಿಪ್ಪು ಉಳಿಸಿಕೊಳ್ಳುವವರು ಯಾರು? ಬೇರೆ ಕಡೆಯಿಂದ ಸುಣ್ಣ ತರಿಸಿಕೊಂಡು ತಿನ್ನುವ ಶಕ್ತಿ ಇರುವವರು. ಕಾವಲಿಗೆ ಜನ ಇರುವವರು. ಅವರ ಮನೆಯ ಮುಂದೆ ಏಳೇಳು ತಲೆಮಾರಿನ ಚಿಪ್ಪು ಸಾಲಾಗಿ ನಿಂತಿರುತ್ತವೆ. ಬಡವ ತನ್ನ ಚಿಪ್ಪನ್ನು ತಾನೇ ತಿನ್ನುತ್ತಾನೆ. ಅವನೂ ಅದೇ ಯುದ್ಧದಲ್ಲಿದ್ದ, ಬಹುಶಃ ಮುಂದಿನ ಸಾಲಿನಲ್ಲೇ ಇದ್ದ. ಆದರೆ ಅವನ ಹತ್ತಿರ ತೋರಿಸಲು ಏನೂ ಇಲ್ಲ. ತಿಂದುಬಿಟ್ಟಿದ್ದಾನೆ.

ಇಲ್ಲಿ ಬರುತ್ತದೆ ಫೌಜಿ ಸರ್ ಅವರ ಉಪ್ಪು. ಒಡೆಯ ಒಬ್ಬ ಸಿಪಾಯಿಗೆ ಮೆತ್ತಗಿನ ದಿನಗಳಲ್ಲಿ ಸುಣ್ಣ ಕೊಟ್ಟು ‘ನಿನ್ನ ಚಿಪ್ಪು ಉಳಿಸಿಕೊ’ ಅಂದರೆ, ಅವನು ಜೀವ ಇರುವವರೆಗೆ ಋಣಿ. ಸುಣ್ಣದ ಪಾಳಿ ಅನ್ನಿ ಬೇಕಾದರೆ.

ಇನ್ನೊಂದು ಸಣ್ಣ ಹುಚ್ಚು. ಹಾವು ಬಿಡುವುದಕ್ಕೆ ನಾವು ಪೊರೆ ಅನ್ನುತ್ತೇವೆ. ಹಳಗನ್ನಡದಲ್ಲಿ ಪೊರೆ ಅಂದರೆ ಕಾಪಾಡು, ಸಾಕು. ಭಾರ ಅನ್ನುವ ಹೊರೆಯೂ ಮೊದಲು ಪೊಱೆಯೇ, ಶಕಟರೇಫ, ಅಂದರೆ ಹಳೆಯ ಱ ಅಕ್ಷರ, ಬೇರೆ ಅಷ್ಟೇ. ಕಳಚುವುದು, ಕಾಪಾಡುವುದು, ಹೊರುವುದು ಮೂರೂ ಹೆಚ್ಚುಕಡಿಮೆ ಒಂದೇ ಸದ್ದು. ಝೋರಾಕ್ ಬಿಟ್ಟು ‘ಪೊರೆವರು’ ಅಂತ ಇಡಬಾರದಾ?

ಪುಟ_ತಿರುಗಿಸಿ
ಬೇರೆ ಗ್ರಹದವರು ಹಳಗನ್ನಡ ಮಾತಾಡುತ್ತಾರಾ?

ಬಿಸಿಬೇಳೆ
ಬೇರೆ ಗ್ರಹದವರ ಹೆಸರೆಲ್ಲ ಝ ಅಥವಾ ಕ್ಷದಿಂದ ಶುರುವಾಗಬೇಕು ಅಂತ ಯಾವ ಗ್ರಹದ ಕಾನೂನು? ಕಥೆ ಹೇಳುವವರು ಕನ್ನಡದವರು, ಅವರಿಗೆ ಕೇಳಿಸಿದ ಹಾಗೆ ಕರೆಯುತ್ತಾರೆ.

ಪುಟ_ತಿರುಗಿಸಿ
ಸರಿ ಒಪ್ಪಿದೆ. ಚಿಪ್ಪು ತಿಂದ ಬಡವನ ವಿಷಯಕ್ಕೆ ನಾನು ಐವತ್ತಲ್ಲ, ನೂರು ಪುಟ ಓದುತ್ತೇನೆ. ಅವನು ಒಂದು ಸಲ ಯಾರದೋ ಮನೆಯ ಮುಂದಿನ ಚಿಪ್ಪನ್ನು ನೋಡಿ ‘ಈ ಏಟು ನನ್ನದು’ ಅಂತ ಗುರುತು ಹಿಡಿಯಬೇಕು. ಅಷ್ಟು ಮಾಡಿ.

ನೀಲಿಬಸ್ಸು
ಅಥವಾ ಆ ಚಿಪ್ಪು ಅವನದ್ದೇ. ಸಾಲಕ್ಕೆ ಅಡ ಇಟ್ಟಿದ್ದ.

ಪುಟ_ತಿರುಗಿಸಿ
ನೀವು ಬರೆಯಿರಿ, ನಾನು ದುಡ್ಡು ಕೊಟ್ಟು ಓದುತ್ತೇನೆ.

ಮಂಜಿನೂರು
ಎಲ್ಲರೂ ಒಂದೇ ಸಲ ಚಿಪ್ಪು ಬಿಡುತ್ತಾರಾ, ಬೇರೆ ಬೇರೆ ಹೊತ್ತಿಗಾ? ಇದು ಮುಖ್ಯ. ಒಂದೇ ಕಾಲಕ್ಕೆ ಬಿಟ್ಟರೆ ಗ್ರಹದ ತುಂಬ ಯುದ್ಧಕ್ಕೆ ರಜೆ, ಯಾರಿಗೂ ಯಾರ ಹೆದರಿಕೆಯೂ ಇಲ್ಲ. ಬೇರೆ ಬೇರೆ ಆದರೆ ಮಾತ್ರ ಕಾವಲು ಬೇಕು, ನಂಬಿಕೆ ಬೇಕು, ಮೋಸವೂ ಆಗುತ್ತದೆ.

ಧೂಮಕೇತು
ಬೇರೆ ಬೇರೆ ಹೊತ್ತಿಗೆ. ಅದೂ ಯಾವಾಗ ಅಂತ ಹೊರಗಿನವರಿಗೆ ಗೊತ್ತಾಗಬಾರದು. ನಾಯಕ ಯಾವ ವಾರ ಮೆತ್ತಗಿರುತ್ತಾನೆ ಅನ್ನುವುದು ದೊಡ್ಡ ಗುಟ್ಟು. ಹಾಗಾದರೆ ‘ನಾಯಕನನ್ನು ಕೊಂದವನೇ ನಾಯಕ’ ಅನ್ನುವ ನಿಯಮ ಬಿದ್ದು ಹೋಯಿತು ಅಲ್ವಾ? ಯಾರು ಬೇಕಾದರೂ ಆ ವಾರ ಹೋಗಿ ಚುಚ್ಚಬಹುದು. ಅದರಲ್ಲಿ ಶೌರ್ಯ ಎಲ್ಲಿ ಬಂತು.

ಬೈಲಸೀಮೆ
ಅಶ್ವತ್ಥಾಮ ಮಾಡಿದ್ದು ಅದೇ ಅಲ್ಲವೇ, ಮಲಗಿದ್ದವರನ್ನು ಕೊಂದ. ಮಹಾಭಾರತದಲ್ಲಿ ಅಷ್ಟು ಜನ ಅಷ್ಟು ಜನರನ್ನು ಕೊಂದರು, ಶಾಪ ಹೊತ್ತು ಇನ್ನೂ ಅಲೆಯುತ್ತಿರುವವನು ಅವನು. ನಿಯಮ ಇಡಿ, ಆಮೇಲೆ ಒಬ್ಬನ ಕೈಯಲ್ಲಿ ಮುರಿಸಿ. ಅವನ ಶಿಕ್ಷೆ ಸಾವು ಬೇಡ. ಅವನನ್ನು ಮುಂದೆ ಯಾರೂ ಕಾಯುವುದಿಲ್ಲ, ಅಷ್ಟೇ. ಪ್ರತಿ ಸಲ ಚಿಪ್ಪು ಬಿಡುವಾಗಲೂ ಒಬ್ಬನೇ.

ಏಡಿಸಾರು
ಬೈಲಸೀಮೆ ಅಣ್ಣ, ಓದಿ ಹೊಟ್ಟೆಯಲ್ಲಿ ಏನೋ ಆಯಿತು.

ಧೂಮಕೇತು
ನಾಲ್ಕು ದಿನ ಕೂತು ಹೊಸ ಹನ್ನೊಂದನೇ ಅಧ್ಯಾಯ ಬರೆದೆ. ಒಂದು ತುಣುಕು ಹಾಕುತ್ತೇನೆ:

‘ಬಂಡೆಯ ಸಂದಿಯೊಳಗೆ ಅವಳು ಮಲಗಿದ್ದಳು. ಹೊಸ ಮೈ ಬೆಳಕಿಗೆ ಕೂಡ ನೋಯುತ್ತಿತ್ತು. ಪಕ್ಕದಲ್ಲೇ ಅವಳ ಹಳೆಯ ಚಿಪ್ಪು, ಎದೆಯ ಮೇಲೆ ಮೂರು ಬಿರುಕು. ಹೊರಗೆ ಕಾವಲಿಗೆ ಕೂತಿದ್ದವನು ಆ ಮೂರರಲ್ಲಿ ಒಂದನ್ನು ಮಾಡಿದವನು. ಯುದ್ಧ ಮುಗಿದಾಗ ಇಬ್ಬರ ಕಡೆಯಲ್ಲೂ ಉಳಿದವರು ಇವರಿಬ್ಬರೇ.

“ಗಟ್ಟಿಯಾಯ್ತಾ?” ಅಂತ ಅವನು ಕೇಳಿದ.

ಬೈಗುಳವೋ, ಕ್ಷೇಮ ಸಮಾಚಾರವೋ ಅವಳಿಗೆ ತಿಳಿಯಲಿಲ್ಲ. “ಇನ್ನೂ ಇಲ್ಲ” ಅಂದಳು.

“ಚಿಪ್ಪು ತಿನ್ನು. ಬೇಗ ಆಗುತ್ತದೆ.”

“ತಿಂದರೆ ನೀನು ಹೊಡೆದಿದ್ದಕ್ಕೆ ಸಾಕ್ಷಿ ಇರುವುದಿಲ್ಲ.”

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಗಂಟಿನಿಂದ ಒಂದು ಚೂರು ತೆಗೆದು ಸಂದಿಯೊಳಗೆ ತಳ್ಳಿದ. ಅದು ಯಾರದೋ ಚಿಪ್ಪಿನ ತುಂಡು. ಯಾರದ್ದು ಅಂತ ಅವಳು ಕೇಳಲಿಲ್ಲ.’

ಅಕ್ಕನಿಗೆ ಕಳಿಸಿದೆ. ‘ಇದರಲ್ಲಿ ಯಾರೂ ಕಿರುಚಿಲ್ಲ’ ಅಂತ ಉತ್ತರ ಬಂತು. ಹೊಗಳಿಕೆ ಅಂತಲೇ ತಗೊಂಡಿದ್ದೇನೆ.

ನೀಲಿಬಸ್ಸು
‘ಅವಳು’. ಥ್ಯಾಂಕ್ಸ್.

ಶಾಸನದ_ಹುಚ್ಚಿ
ಆ ತುಂಡು ಯಾರದ್ದು ಅಂತ ನಮಗಾದರೂ ಹೇಳಿ! ಸತ್ತ ತಮ್ಮನದ್ದಾ? ಹಾಗಾದರೆ ವೀರಗಲ್ಲನ್ನೇ ಮುರಿದು ಊಟಕ್ಕೆ ಕೊಟ್ಟ ಹಾಗಾಯಿತು.

ಧೂಮಕೇತು
ಹದಿನಾಲ್ಕನೇ ಅಧ್ಯಾಯದವರೆಗೆ ತಾಳ್ಮೆ ಇರಲಿ ಮೇಡಂ.

ನಿವೃತ್ತ_ಫೌಜಿ
ಚೆನ್ನಾಗಿದೆ. ಒಂದು ತಪ್ಪಿದೆ. ಮೈ ಗಟ್ಟಿಯಾಗಲು ಎಷ್ಟು ದಿನ? ಐದು ಅಂದುಕೊಳ್ಳೋಣ. ಐದು ರಾತ್ರಿ ಒಬ್ಬನೇ ಎಚ್ಚರ ಇರಲು ಯಾವ ಗ್ರಹದ ಸಿಪಾಯಿಗೂ ಆಗುವುದಿಲ್ಲ. ಎರಡನೇ ದಿನ ರಾತ್ರಿ ನಿಂತಲ್ಲೇ ಕಣ್ಣು ಹತ್ತುತ್ತದೆ, ನನಗೆ ಗೊತ್ತು. ಅವನು ಮಲಗಿದಾಗ ಪಾಳಿ ಯಾರದು?

ಧೂಮಕೇತು
ಅಯ್ಯೋ ಸರ್. ಉಳಿದವರು ಇಬ್ಬರೇ ಅಂತ ಬರೆದುಬಿಟ್ಟಿದ್ದೇನೆ.

ನಿವೃತ್ತ_ಫೌಜಿ
ಹಾಗಾದರೆ ಅವಳೇ ಎಚ್ಚರ ಇರಬೇಕು. ಮೆತ್ತಗೆ ಇದ್ದರೂ ಕಣ್ಣು ಕಾಣುತ್ತದಲ್ಲ.